ಹಣದ ಲೆಕ್ಕ, ರಕ್ತದ ಲೆಕ್ಕ

ಬೆರಳ ತುದಿಯ ಕೆಲವೇ ಹನಿ ರಕ್ತದಿಂದ ನೂರಾರು ಪರೀಕ್ಷೆ ಮಾಡುವ ಯಂತ್ರ! ಅಮೆರಿಕದ ಎಲಿಜಬೆತ್ ಹೋಮ್ಸ್ 2003ರಲ್ಲಿ ಕಟ್ಟಿದ ಥೆರಾನೋಸ್ ಕಂಪನಿಯ ಈ ಕಥೆಯನ್ನು ನಂಬಿದವರು 70 ಕೋಟಿ ಡಾಲರಿಗೂ ಮಿಕ್ಕಿ ಹಣ ಸುರಿದರು. ಪತ್ರಕರ್ತ ಜಾನ್ ಕ್ಯಾರಿರೂ ಅವರ ‘ಬ್ಯಾಡ್ ಬ್ಲಡ್’ (2018) ಆ ವಂಚನೆಯನ್ನು ಎಳೆಎಳೆಯಾಗಿ ಬಿಡಿಸಿಡುತ್ತದೆ.

ಕಥೆ ಬರೆಯುವ ನಮಗೆ ಪುಸ್ತಕದ ಹೆಣಿಗೆ ಮೆಚ್ಚುಗೆಯಾಯಿತು. ಕಂಪನಿಯ ನಿರ್ದೇಶಕರಾಗಿದ್ದ ಜಾರ್ಜ್ ಶುಲ್ಟ್ಸ್ ಮತ್ತು ಅದರ ಸುಳ್ಳನ್ನು ಬಯಲಿಗೆಳೆದ ಮೊಮ್ಮಗ ಟೈಲರ್ ನಡುವಿನ ಬಿರುಕು ಯಾವ ಕಾದಂಬರಿಗೂ ಕಡಿಮೆಯಿಲ್ಲ. ಆದರೆ ಲೇಖಕರ ಕಣ್ಣು ಹೋಮ್ಸ್ ಮೇಲೆಯೇ ನೆಟ್ಟಿದೆ. ಆಕೆಗೆ ಹಣ ಕೊಟ್ಟ ಪದ್ಧತಿಯಲ್ಲೇ ದೋಷವಿದೆಯೇ ಎಂಬ ಪ್ರಶ್ನೆ ಅಂಚಿನಲ್ಲಿ ಉಳಿದುಬಿಡುತ್ತದೆ.

ನಮ್ಮ ಮುದಾರಬ ಪದ್ಧತಿಯಲ್ಲಿ ಒಬ್ಬರದು ಹಣ, ಇನ್ನೊಬ್ಬರದು ದುಡಿಮೆ. ಲಾಭ ಹಂಚಿಕೆ; ವ್ಯವಹಾರ ಸೋತರೆ ಹಣದ ನಷ್ಟ ಹಣ ಹಾಕಿದವರದು. ಮೇಲ್ನೋಟಕ್ಕೆ ವೆಂಚರ್ ಬಂಡವಾಳವೂ ಹಾಗೆಯೇ, ಬಡ್ಡಿಯಿಲ್ಲ. ಅಷ್ಟಕ್ಕೇ ಸಮಾಧಾನಪಡುವಂತಿಲ್ಲ. ವೈದ್ಯಕೀಯ ಉಪಕರಣದಲ್ಲಿ ಕರಾರಿಗೆ ಸಹಿ ಹಾಕದ ಮೂರನೆಯವರಿದ್ದಾರೆ: ರೋಗಿಗಳು. 2022ರ ಜನವರಿಯಲ್ಲಿ ಅಲ್ಲಿನ ಜ್ಯೂರಿ, ಹೂಡಿಕೆದಾರರಿಗೆ ಸಂಬಂಧಿಸಿದ ನಾಲ್ಕು ಆರೋಪಗಳಲ್ಲಿ ಹೋಮ್ಸ್ ತಪ್ಪಿತಸ್ಥೆ ಎಂದಿತು. ರೋಗಿಗಳಿಗೆ ವಂಚಿಸಿದ ಆರೋಪಗಳು ನಿಲ್ಲಲಿಲ್ಲ. ಹಣವೆಂಬ ಅಮಾನತಿಗೆ ಲೆಕ್ಕ ಕೇಳಲಾಯಿತು. ರಕ್ತವೆಂಬ ಅಮಾನತಿಗೆ?

ಬೇರೆ ದಾರಿ ಇಲ್ಲವೆಂದಲ್ಲ. ಮದುರೈಯ ಅರವಿಂದ ಕಣ್ಣಾಸ್ಪತ್ರೆಯವರು 1992ರಲ್ಲಿ ಲಾಭದ ಉದ್ದೇಶವಿಲ್ಲದ ಆರೋಲ್ಯಾಬ್ ಸ್ಥಾಪಿಸಿ, ಬಡವರ ಕೈಗೆಟುಕದ ಆಮದು ಮಸೂರವನ್ನು ತಾವೇ ಅಗ್ಗವಾಗಿ ತಯಾರಿಸಿದರು. ಪೊರೆ ತೆಗೆದು ಮಸೂರ ಕೂರಿಸುವವರೂ ಅವರೇ. ಕೆಟ್ಟರೆ ರೋಗಿಯ ಎದುರು ನಿಲ್ಲಬೇಕಾದವರೂ ಅವರೇ.

ಅದು ಗೊತ್ತಿದ್ದ ತಂತ್ರಜ್ಞಾನ, ಹೊಸ ಶೋಧಕ್ಕೆ ಸೋಲನ್ನೂ ತಾಳುವ ಹಣ ಬೇಕಲ್ಲವೇ ಎನ್ನಬಹುದು. ಬೇಕು. 2012ರಲ್ಲಿ ಆರಂಭವಾದ ಕೇಂದ್ರ ಸರಕಾರದ ಬೈರಾಕ್, ಬೆಂಗಳೂರಿನ ಸಿ-ಕ್ಯಾಂಪ್‌ನಂತಹ ಸಂಸ್ಥೆಗಳ ಮೂಲಕ ಹೊಸ ಕಲ್ಪನೆಗಳಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತದೆ. ಮೊದಲ ಮಾದರಿಗೆ ಅದು ಆಸರೆ. ರೋಗಿಗಳ ಮೇಲಿನ ಪರೀಕ್ಷೆ, ಪರವಾನಗಿ, ಕಾರ್ಖಾನೆ ಎನ್ನುವಾಗ ಮತ್ತೆ ಬಂಡವಾಳಗಾರರ ಬಾಗಿಲು ತಟ್ಟಬೇಕು.

ಆ ನಡುದಾರಿಯಲ್ಲಿ ನಮ್ಮ ಸಿರಿವಂತರು ನಿಲ್ಲಲಾರರೇ? ಝಕಾತ್‌ಗೆ ಅದರದೇ ಹಕ್ಕುದಾರರಿದ್ದಾರೆ. ಬಾವಿ ತೋಡಿಸುವುದು ಸದಖಾ ಜಾರಿಯಾ ಆದರೆ, ಹಳ್ಳಿಯ ಬಾಣಂತಿಯ ಜೀವ ಉಳಿಸುವ ಉಪಕರಣಕ್ಕೆ ನೆರವಾಗುವುದೂ ಆಗಬಾರದೇಕೆ? ಷರತ್ತು ಒಂದೇ ಇರಲಿ: ಪರೀಕ್ಷೆಯ ಫಲಿತಾಂಶ ಎಲ್ಲರ ಮುಂದಿಟ್ಟ ಮೇಲೆಯೇ ಮುಂದಿನ ಕಂತು. ಕ್ಯಾರಿರೂ ಅವರ ಪುಸ್ತಕದಿಂದ ನಾವು ಕಲಿಯಬೇಕಾದ ಪಾಠ ಇದು.