ಎಣಿಕೆಗೆ ಸಿಗದ ಓದು: ಉಲ್ಲೇಖಾಧಾರಿತ ಸೂಚ್ಯಂಕಗಳು ಮತ್ತು ಭಾಷಾವಿಜ್ಞಾನದ ಮೌಲ್ಯಮಾಪನ

ಸಂಶೋಧನೆಯೊಂದರ ಬೆಲೆಯನ್ನು ಅದಕ್ಕೆ ದೊರೆತ ಉಲ್ಲೇಖಗಳ ಎಣಿಕೆಯಿಂದ, ಅಥವಾ ಅದು ಪ್ರಕಟವಾದ ಪತ್ರಿಕೆಗೆ ದೊರೆತ ಉಲ್ಲೇಖಗಳ ಸರಾಸರಿಯಿಂದ ನಿರ್ಣಯಿಸುವ ಪದ್ಧತಿ ನಮ್ಮ ವಿಶ್ವವಿದ್ಯಾಲಯಗಳ ನೇಮಕಾತಿ ಮತ್ತು ಬಡ್ತಿಯ ವ್ಯವಸ್ಥೆಯೊಳಗೆ ಆಳವಾಗಿ ಬೇರೂರಿದೆ. ಪ್ರಸ್ತುತ ಲೇಖನದಲ್ಲಿ ನಾವು ಈ ಪದ್ಧತಿಯನ್ನು ಭಾಷಾವಿಜ್ಞಾನದ ನೆಲೆಯಿಂದ ವಿಮರ್ಶಿಸಲು ಬಯಸುತ್ತೇವೆ. ವಿಮರ್ಶೆಯ ಮುಖ್ಯ ಆಕರವಾಗಿ ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ಹೊರಡಿಸಿದ ನಿಯಮಾವಳಿಯ ಸಂಶೋಧನಾಂಕಗಳ ಕೋಷ್ಟಕವನ್ನು ಇಟ್ಟುಕೊಂಡಿದ್ದೇವೆ. ಉಲ್ಲೇಖಗಳ ಎಣಿಕೆ ನಿರುಪಯುಕ್ತವೆಂಬುದು ನಮ್ಮ ವಾದವಲ್ಲ. ಪತ್ರಿಕೆಯ ಸರಾಸರಿಯನ್ನು ಲೇಖಕರ ಅಂಕವಾಗಿ ಪರಿವರ್ತಿಸುವುದು ತರ್ಕಕ್ಕೆ ನಿಲ್ಲುವುದಿಲ್ಲ. ಭಾರತೀಯ ಭಾಷೆಗಳ ಅಧ್ಯಯನದಲ್ಲಿ ಈ ದೋಷದ ಪರಿಣಾಮ ಇತರ ಕ್ಷೇತ್ರಗಳಿಗಿಂತ ತೀವ್ರವಾದುದು. ನಾವು ಪ್ರತಿಪಾದಿಸುವುದು ಇಷ್ಟನ್ನೇ.

1. ಸೂಚಿ ಹುಟ್ಟಿದ್ದು ಯಾತಕ್ಕೆ?

ಯೂಜೀನ್ ಗಾರ್ಫೀಲ್ಡ್ ಅವರು ವಿಜ್ಞಾನಕ್ಕೊಂದು ಉಲ್ಲೇಖಸೂಚಿ ಬೇಕೆಂಬ ಪ್ರಸ್ತಾಪವನ್ನು 1955ರಲ್ಲಿ ಮುಂದಿಟ್ಟರು. ಒಂದು ಲೇಖನವನ್ನು ನಂತರ ಯಾರು ಯಾರು ಬಳಸಿಕೊಂಡರು, ಯಾರು ತಿದ್ದಿದರು, ಯಾರು ಅಲ್ಲಗಳೆದರು ಎಂಬುದನ್ನು ಓದುಗನು ಹಿಡಿದುಕೊಂಡು ಹೋಗಲು ನೆರವಾಗುವ ಸಾಧನ ಅವರ ಮನಸ್ಸಿನಲ್ಲಿತ್ತು. 1964ರಲ್ಲಿ ವಿಜ್ಞಾನ ಉಲ್ಲೇಖಸೂಚಿ ಪ್ರಕಟವಾಯಿತು. ಅದರಲ್ಲಿ ಯಾವ ಪತ್ರಿಕೆಗಳನ್ನು ಸೇರಿಸಬೇಕೆಂಬ ಆಯ್ಕೆಗೆ ನೆರವಾಗಲು ಗಾರ್ಫೀಲ್ಡ್ ಮತ್ತು ಇರ್ವಿಂಗ್ ಶೇರ್ ರೂಪಿಸಿದ ಅಳತೆಯೇ ಇಂಪ್ಯಾಕ್ಟ್ ಫ್ಯಾಕ್ಟರ್; ಇಲ್ಲಿ ನಾವು ಅದನ್ನು ಪ್ರಭಾವಾಂಕ ಎಂದು ಕರೆಯುತ್ತೇವೆ. 1975ರಿಂದ ಪತ್ರಿಕೆಗಳ ಪ್ರಭಾವಾಂಕಗಳು ವಾರ್ಷಿಕ ವರದಿಯಾಗಿ ಹೊರಬರತೊಡಗಿದವು. ಯಾವ ಪತ್ರಿಕೆಗೆ ಚಂದಾ ಕಟ್ಟಬೇಕೆಂದು ತೀರ್ಮಾನಿಸುವ ಗ್ರಂಥಪಾಲಕರಿಗೆ ಅವು ಉಪಯುಕ್ತವಾಗಿದ್ದವು. ವ್ಯಕ್ತಿಯೊಬ್ಬರನ್ನು ಪ್ರಾಧ್ಯಾಪಕ ಹುದ್ದೆಗೆ ಆರಿಸುವುದು ಈ ಸಾಧನದ ಮೂಲ ಉದ್ದೇಶಗಳಲ್ಲಿ ಇರಲಿಲ್ಲ.

2. ಸರಾಸರಿಯ ಸಮಸ್ಯೆ

ಪತ್ರಿಕೆಯೊಂದರ ಹಿಂದಿನ ಎರಡು ವರ್ಷಗಳ ಬರಹಗಳಿಗೆ ಈ ವರ್ಷ ದೊರೆತ ಉಲ್ಲೇಖಗಳನ್ನು ಆ ಎರಡು ವರ್ಷಗಳ ಸಂಶೋಧನ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಪ್ರಭಾವಾಂಕ ಬರುತ್ತದೆ. ಅಂಶದಲ್ಲಿ ಸಂಪಾದಕೀಯ, ಪತ್ರ, ವಿಮರ್ಶೆಗಳಿಗೆ ದೊರೆತ ಉಲ್ಲೇಖಗಳೂ ಸೇರಿರುತ್ತವೆ; ಛೇದದಲ್ಲಿ ಆ ಬರಹಗಳಿಗೆ ಜಾಗವಿಲ್ಲ. ಇದು ಸಣ್ಣ ದೋಷ. ದೊಡ್ಡ ದೋಷವಿರುವುದು ಉಲ್ಲೇಖಗಳ ಹಂಚಿಕೆಯಲ್ಲಿ. ಯಾವುದೇ ಪತ್ರಿಕೆಯಲ್ಲಿ ಕೆಲವೇ ಲೇಖನಗಳು ಬಹುಪಾಲು ಉಲ್ಲೇಖಗಳನ್ನು ಪಡೆಯುತ್ತವೆ, ಉಳಿದವು ಅಲ್ಪಸ್ವಲ್ಪ ಪಡೆಯುತ್ತವೆ. ಇಂಥ ಓರೆ ಹಂಚಿಕೆಯಲ್ಲಿ ಸರಾಸರಿಯು ಯಾವೊಂದು ಲೇಖನದ ಸ್ಥಿತಿಯನ್ನೂ ಹೇಳಲಾರದು. ಪೆರ್ ಸೆಗ್ಲೆನ್ 1997ರಲ್ಲಿಯೇ ಇದನ್ನು ವಿವರವಾಗಿ ತೋರಿಸಿದ್ದರು.

ಇದಕ್ಕೆ ಪ್ರಸಿದ್ಧವಾದ ಉದಾಹರಣೆಯೊಂದು ಸ್ಫಟಿಕವಿಜ್ಞಾನದಿಂದ ಬಂದಿದೆ. ಆಕ್ಟಾ ಕ್ರಿಸ್ಟಲೋಗ್ರಾಫಿಕಾದ ಎ ವಿಭಾಗದ ಪ್ರಭಾವಾಂಕ 2008ರಲ್ಲಿ 2.051 ಇತ್ತು, 2009ರಲ್ಲಿ ಅದು 49.926ಕ್ಕೆ ಏರಿತು. ಕಾರಣ ಒಂದೇ ಲೇಖನ: ಜಾರ್ಜ್ ಶೆಲ್ಡ್ರಿಕ್ ಅವರು ತಮ್ಮ ಗಣಕ ತಂತ್ರಾಂಶದ ಇತಿಹಾಸವನ್ನು ಕುರಿತು 2008ರಲ್ಲಿ ಬರೆದದ್ದು. ಆ ತಂತ್ರಾಂಶವನ್ನು ಬಳಸಿದವರೆಲ್ಲ ಅದನ್ನು ಉಲ್ಲೇಖಿಸಿದರು. ಅದೇ ಪತ್ರಿಕೆಯಲ್ಲಿ ಅದೇ ವರ್ಷ ಬರೆದ ಇತರರ ಲೇಖನಗಳಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಆದರೆ ಪತ್ರಿಕೆಯ ಪ್ರಭಾವಾಂಕದಿಂದ ಲೇಖಕರನ್ನು ಅಳೆಯುವವರ ಲೆಕ್ಕದಲ್ಲಿ ಅವರೆಲ್ಲರ ಯೋಗ್ಯತೆ ಒಂದೇ ವರ್ಷದಲ್ಲಿ ಇಪ್ಪತ್ತನಾಲ್ಕು ಪಟ್ಟು ಹೆಚ್ಚಿದಂತಾಯಿತು.

ವ್ಯಕ್ತಿಯನ್ನೇ ನೇರವಾಗಿ ಅಳೆಯುವ ಎಚ್-ಸೂಚ್ಯಂಕವು ಈ ತೊಡಕನ್ನು ಬಿಡಿಸುತ್ತದೆಂದು ಕೆಲವರು ಭಾವಿಸುತ್ತಾರೆ. ಭೌತವಿಜ್ಞಾನಿ ಜಾರ್ಜ್ ಹಿರ್ಷ್ 2005ರಲ್ಲಿ ಸೂಚಿಸಿದ ಈ ಅಳತೆಯಂತೆ, ಕನಿಷ್ಠ ಹತ್ತು ಉಲ್ಲೇಖಗಳನ್ನು ಪಡೆದ ಹತ್ತು ಬರಹಗಳಿದ್ದರೆ ಸೂಚ್ಯಂಕ ಹತ್ತು. ಹಾಗಾದರೆ ಜೀವಮಾನದಲ್ಲಿ ಒಂದು ನಿಘಂಟು, ಒಂದು ವ್ಯಾಕರಣ, ಒಂದು ಪಠ್ಯಸಂಪಾದನೆ ಮಾಡಿದವರ ಸೂಚ್ಯಂಕ ಮೂರನ್ನು ದಾಟುವಂತಿಲ್ಲ. ಅವುಗಳಲ್ಲಿ ಒಂದೊಂದನ್ನೂ ಸಾವಿರ ಜನ ಉಲ್ಲೇಖಿಸಿದ್ದರೂ ಅಷ್ಟೆ. ನಿಘಂಟುಕಾರರ ಕೆಲಸವನ್ನು ಅಳೆಯಲು ಈ ಅಳತೆಗೋಲು ಮೊದಲೇ ಮೊಟಕಾದದ್ದು.

3. ಎರಡು ವರ್ಷದ ಕಿಟಕಿ

ವೇಗವಾಗಿ ಹಳೆಯದಾಗುವ ಪ್ರಯೋಗವಿಜ್ಞಾನಗಳಲ್ಲಿ ಎರಡು ವರ್ಷದ ಅವಧಿಗೆ ಏನಾದರೂ ಅರ್ಥವಿರಬಹುದು. ನಮ್ಮ ಕ್ಷೇತ್ರದ ಕಾಲಮಾನ ಬೇರೆ. ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರದು. ಕನ್ನಡದ ಪದಚರಿತ್ರೆಯನ್ನು ಕುರಿತು ಬರೆಯುವವರು ಇಂದಿಗೂ ಅದನ್ನು ತೆರೆಯದೆ ಮುಂದೆ ಹೋಗುವುದಿಲ್ಲ. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು 1961ರಲ್ಲಿ ಬಂದು 1984ರಲ್ಲಿ ಪರಿಷ್ಕೃತವಾಯಿತು. ದ್ರಾವಿಡ ತೌಲನಿಕ ಅಧ್ಯಯನಕ್ಕೆ ಅದು ಈಗಲೂ ಆಧಾರಗ್ರಂಥ. ಇವು ಗ್ರಂಥಗಳಾದ್ದರಿಂದ ಪ್ರಭಾವಾಂಕದ ಲೆಕ್ಕಕ್ಕೆ ಬರುವುದೇ ಇಲ್ಲ. ಪತ್ರಿಕೆಯಲ್ಲೇ ಪ್ರಕಟವಾದ, ಭಾರತವನ್ನು ಒಂದು ಭಾಷಾವಲಯವೆಂದು ನಿರೂಪಿಸಿದ ಎಮೆನೋ ಅವರ 1956ರ ಲೇಖನದ ವಿಚಾರದಲ್ಲಿಯೂ ಎರಡು ವರ್ಷಗಳಾಚೆಗಿನ ಬಳಕೆಯೆಲ್ಲ ಈ ಲೆಕ್ಕದ ಹೊರಗೆ ಉಳಿಯುತ್ತದೆ.

4. ಕುಪ್ವಾಡಕ್ಕೆ ಎಷ್ಟು ಅಂಕ?

2018ರ ಕೋಷ್ಟಕಕ್ಕೆ ಬರೋಣ. ಭಾಷೆ ಮತ್ತು ಮಾನವಿಕ ವಿಷಯಗಳಲ್ಲಿ ಪತ್ರಿಕಾ ಲೇಖನವೊಂದಕ್ಕೆ 10 ಅಂಕ, ವಿಜ್ಞಾನಗಳಲ್ಲಿ 8. ಮಾನವಿಕಗಳಲ್ಲಿ ಲೇಖನ ನಿಧಾನವಾಗಿ ಹುಟ್ಟುತ್ತದೆಂಬ ತಿಳಿವಳಿಕೆ ಇಲ್ಲಿ ಕಾಣುತ್ತದೆ. ಆದರೆ ಮುಂದಿನ ಸಾಲುಗಳು ಆ ತಿಳಿವಳಿಕೆಯನ್ನು ಅಳಿಸಿಹಾಕುತ್ತವೆ. ಲೇಖನದ ಅಂಕವನ್ನು ಹೆಚ್ಚಿಸುವಾಗ ಪ್ರಭಾವಾಂಕವಿಲ್ಲದ ಪತ್ರಿಕೆಗೆ 5, ಒಂದಕ್ಕಿಂತ ಕಡಿಮೆ ಪ್ರಭಾವಾಂಕಕ್ಕೆ 10, ಒಂದರಿಂದ ಎರಡಕ್ಕೆ 15, ಎರಡರಿಂದ ಐದಕ್ಕೆ 20, ಐದರಿಂದ ಹತ್ತಕ್ಕೆ 25, ಹತ್ತನ್ನು ಮೀರಿದರೆ 30. ಮೂಲ ಅಂಕದಲ್ಲಿ ಎರಡರಷ್ಟು ಕೊಟ್ಟ ರಿಯಾಯಿತಿ ಈ ಏಣಿಯ ಮೊದಲ ಮೆಟ್ಟಿಲಲ್ಲೇ ಕರಗಿಹೋಗುತ್ತದೆ. ಪ್ರಭಾವಾಂಕವನ್ನು ಥಾಮ್ಸನ್ ರಾಯ್ಟರ್ಸ್ ಪಟ್ಟಿಯಿಂದ ತಿಳಿಯಬೇಕೆಂದು ನಿಯಮ ಹೇಳುತ್ತದೆ. ಆ ಸಂಸ್ಥೆ ತನ್ನ ಈ ವಿಭಾಗವನ್ನು 2016ರಲ್ಲಿಯೇ ಮಾರಿತ್ತು, ಪಟ್ಟಿ ಕ್ಲಾರಿವೇಟ್ ಹೆಸರಿನಲ್ಲಿ ಬರುತ್ತಿತ್ತು. ಜೊತೆಗೆ, ಕಲೆ ಮತ್ತು ಮಾನವಿಕಗಳ ಉಲ್ಲೇಖಸೂಚಿಯಲ್ಲಿ ಮಾತ್ರ ಇದ್ದ ಪತ್ರಿಕೆಗಳಿಗೆ 2023ರ ವರೆಗೆ ಪ್ರಭಾವಾಂಕವನ್ನೇ ಕೊಡುತ್ತಿರಲಿಲ್ಲ. ಅಂದರೆ ಯಾವ ಕ್ಷೇತ್ರಗಳಿಗೆ ಈ ಅಳತೆ ಹೊಂದದೆಂದು ಅಳತೆ ಮಾಡುವವರೇ ಪರಿಗಣಿಸಿದ್ದರೋ ಆ ಕ್ಷೇತ್ರಗಳ ಅಧ್ಯಾಪಕರನ್ನೂ ನಮ್ಮ ಕೋಷ್ಟಕ ಅದರಿಂದಲೇ ಅಳೆಯಿತು.

ಒಂದು ಲೆಕ್ಕ ಮಾಡಿ ನೋಡಬಹುದು. ಕನ್ನಡ, ಮರಾಠಿ, ಉರ್ದು ಮಾತನಾಡುವವರು ಒಟ್ಟಿಗೆ ಬಾಳುವ ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಈ ಭಾಷೆಗಳ ವಾಕ್ಯರಚನೆ ಹೇಗೆ ಒಂದೇ ಅಚ್ಚಿಗೆ ಇಳಿದಿದೆ ಎಂಬುದನ್ನು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ವಿವರಿಸಿದರು. ಭಾಷಾಸಂಪರ್ಕವನ್ನು ಕಲಿಸುವ ಕಡೆಗಳಲ್ಲೆಲ್ಲ ಅದನ್ನು ಪಾಠ ಹೇಳುತ್ತಾರೆ. ಅದು ಬಂದದ್ದು ಪತ್ರಿಕೆಯಲ್ಲಲ್ಲ, ಡೆಲ್ ಹೈಮ್ಸ್ ಸಂಪಾದಿಸಿದ ಗ್ರಂಥದ ಅಧ್ಯಾಯವಾಗಿ. ನಮ್ಮ ಕೋಷ್ಟಕದಲ್ಲಿ ಸಂಪಾದಿತ ಗ್ರಂಥದ ಅಧ್ಯಾಯಕ್ಕೆ 5 ಅಂಕ. ಇಬ್ಬರು ಲೇಖಕರಿದ್ದರೆ ತಲಾ ಶೇಕಡ 70. ಕುಪ್ವಾಡಕ್ಕೆ ತಲೆಗೆ ಮೂರೂವರೆ ಅಂಕ. ಇನ್ನು ಯು. ಪಿ. ಉಪಾಧ್ಯಾಯ ಅವರ ಸಂಪಾದಕತ್ವದಲ್ಲಿ ಉಡುಪಿಯಿಂದ 1988 ಮತ್ತು 1997ರ ನಡುವೆ ಆರು ಸಂಪುಟಗಳಲ್ಲಿ ಬಂದ ತುಳು ನಿಘಂಟಿನಂಥ ಕೆಲಸಕ್ಕೆ ಕೋಷ್ಟಕದಲ್ಲಿ ಪ್ರತ್ಯೇಕ ಸಾಲೇ ಇಲ್ಲ. ರಾಷ್ಟ್ರೀಯ ಪ್ರಕಾಶಕರ ಗ್ರಂಥವೊಂದರ ಸಂಪಾದನೆಗೆ ಸಲ್ಲುವ 8 ಅಂಕದೊಳಗೆ ಅದನ್ನು ತೂರಿಸಬೇಕು. ಇಡೀ ಗ್ರಂಥದ ಅನುವಾದಕ್ಕೂ 8. ಇಂಥ ಕೋಷ್ಟಕವನ್ನು ಕಣ್ಣ ಮುಂದಿಟ್ಟುಕೊಂಡ ಸಂಶೋಧನ ವಿದ್ಯಾರ್ಥಿ ಕೊರಗ ಅಥವಾ ಕೊಡವ ಭಾಷೆಯ ಕ್ಷೇತ್ರಕಾರ್ಯಕ್ಕೆ ಐದು ವರ್ಷ ಕೊಡಬೇಕೆ ಎಂದು ಹಿಂಜರಿದರೆ ಆತನನ್ನು ದೂಷಿಸಲಾಗದು.

5. ಕಾಣದಿರುವುದು ಮತ್ತು ಇಲ್ಲದಿರುವುದು

ಭಾಷಾವಿಜ್ಞಾನಿಗಳಿಗೆ ಸುಪರಿಚಿತವಾದ ಭೇದವೊಂದು ಇಲ್ಲಿ ಪ್ರಸ್ತುತವಾಗುತ್ತದೆ. ‘ಪುಸ್ತಕ ಓದಿದೆ’ ಎಂಬಲ್ಲಿ ದ್ವಿತೀಯಾ ಪ್ರತ್ಯಯ ಕಾಣುವುದಿಲ್ಲ. ಹಾಗೆಂದು ಪುಸ್ತಕವನ್ನು ಕರ್ತೃವೆಂದು ಯಾರೂ ವಿಶ್ಲೇಷಿಸುವುದಿಲ್ಲ. ಪಠ್ಯಸಂಚಯದಲ್ಲಿ ಒಂದು ರಚನೆ ಸಿಗಲಿಲ್ಲವೆಂದರೆ ಅದು ವ್ಯಾಕರಣದೂರವೆಂದು ನಾವು ತೀರ್ಮಾನಿಸುವುದಿಲ್ಲ. ಸಂಚಯ ಏನನ್ನು ಒಳಗೊಂಡಿದೆ ಎಂದು ಮೊದಲು ಕೇಳುತ್ತೇವೆ. ಉಲ್ಲೇಖಸೂಚಿಗಳೂ ಒಂದು ಬಗೆಯ ಸಂಚಯವೇ. ಅವುಗಳೊಳಗೆ ಇಂಗ್ಲಿಷ್ ಪತ್ರಿಕೆಗಳ ಪಾಲು ಅತಿ ಹೆಚ್ಚು, ಕನ್ನಡದ ವಿದ್ವತ್ ಪತ್ರಿಕೆಗಳ ಪಾಲು ಇಲ್ಲವೆನ್ನುವಷ್ಟು ಕಡಿಮೆ. ಕನ್ನಡ ಲೇಖನವೊಂದನ್ನು ಇನ್ನೊಂದು ಕನ್ನಡ ಲೇಖನ ಉಲ್ಲೇಖಿಸಿದರೆ ಆ ಸಂಗತಿ ಸೂಚಿಯ ಹೊರಗೇ ನಡೆದು ಹೊರಗೇ ಉಳಿಯುತ್ತದೆ. ಮೌಲ್ಯಮಾಪನದ ಪತ್ರದಲ್ಲಿ ಮಾತ್ರ ಅದು ಸೊನ್ನೆಯಾಗಿ ದಾಖಲಾಗುತ್ತದೆ. ಅಳೆಯದಿದ್ದುದನ್ನು ಸೊನ್ನೆಯೆಂದು ಬರೆಯುವುದು ದತ್ತಾಂಶದ ವಿಷಯದಲ್ಲಿ ಮೊದಲ ವರ್ಷದ ವಿದ್ಯಾರ್ಥಿಗೂ ಸಲ್ಲದ ತಪ್ಪು.

ಡಿ. ಎನ್. ಶಂಕರ ಭಟ್ಟರ ಬರಹಗಳು ಈ ಅಸಮತೆಯನ್ನು ಸ್ಪಷ್ಟವಾಗಿ ತೋರಿಸುತ್ತವೆ. ಸರ್ವನಾಮಗಳನ್ನು ಕುರಿತ ಅವರ 2004ರ ಇಂಗ್ಲಿಷ್ ಗ್ರಂಥವನ್ನು ಭಾಷಾಪ್ರರೂಪಗಳ ಅಧ್ಯಯನ ಮಾಡುವವರು ಜಗತ್ತಿನ ಹಲವೆಡೆ ಉಲ್ಲೇಖಿಸುತ್ತಾರೆ. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಅವರ ಕೃತಿ ಕನ್ನಡ ವ್ಯಾಕರಣದ ಚರ್ಚೆಯ ದಿಕ್ಕನ್ನೇ ಬದಲಿಸಿತು. ಒಪ್ಪಿದವರೂ ವಿರೋಧಿಸಿದವರೂ ಅದಕ್ಕೆ ಉತ್ತರ ಕೊಡಬೇಕಾಯಿತು. ಮೊದಲನೆಯದರ ಪ್ರಭಾವ ಸೂಚಿಯಲ್ಲಿ ಸಿಗುತ್ತದೆ, ಎರಡನೆಯದರ ಪ್ರಭಾವವನ್ನು ಕನ್ನಡ ಓದಬಲ್ಲವರೇ ಹೇಳಬೇಕು. ಮಹಾಪ್ರಾಣಗಳನ್ನು ಬಿಟ್ಟುಕೊಟ್ಟ ಮೇಲೆ ಅವರು ತಮ್ಮ ಹೆಸರನ್ನು ‘ಬಟ್’ ಎಂದೇ ಬರೆದರು. ಯಂತ್ರದ ಕಣ್ಣಿಗೆ ಭಟ್ ಒಬ್ಬರು, ಬಟ್ ಇನ್ನೊಬ್ಬರು, ರೋಮನ್ ಲಿಪಿಯವರು ಮೂರನೆಯವರು.

ಉಲ್ಲೇಖ ಎಂಬುದು ಒಂದು ಭಾಷಾಕ್ರಿಯೆ ಎಂಬುದನ್ನೂ ಮರೆಯಲಾಗದು. ಋಣವನ್ನು ಸ್ಮರಿಸಲು, ಖಂಡಿಸಲು, ಔಪಚಾರಿಕವಾಗಿ ತಲೆಬಾಗಲು, ಪರಿಶೀಲಕರನ್ನು ತೃಪ್ತಿಪಡಿಸಲು ಉಲ್ಲೇಖಿಸುತ್ತೇವೆ. ಎಣಿಕೆಯಲ್ಲಿ ಖಂಡನೆಗೂ ಸ್ವೀಕಾರಕ್ಕೂ ಒಂದೇ ಬೆಲೆ.

6. ಸಂಖ್ಯೆಯ ಪರವಾಗಿ ಒಂದು ಮಾತು

ಸೂಚ್ಯಂಕಗಳನ್ನು ಸಮರ್ಥಿಸುವವರ ಬಲವಾದ ವಾದವೊಂದಿದೆ. ಅದನ್ನು ಬದಿಗೊತ್ತುವುದು ಪ್ರಾಮಾಣಿಕವಲ್ಲ. ಆಯ್ಕೆ ಸಮಿತಿಗಳಲ್ಲಿ ಜಾತಿ, ಗುರುಪರಂಪರೆ, ಪ್ರದೇಶ, ಪರಿಚಯಗಳು ಕೆಲಸ ಮಾಡುತ್ತವೆ. ಬೆನ್ನಿಗೆ ಯಾರೂ ಇಲ್ಲದ ಅಭ್ಯರ್ಥಿಗೆ ಸಂಖ್ಯೆಯೇ ರಕ್ಷೆ. ‘ತಜ್ಞರ ವಿವೇಚನೆ’ ಎಂಬ ಮಾತಿನ ಮರೆಯಲ್ಲಿ ಪಕ್ಷಪಾತ ನಡೆದದ್ದನ್ನು ಬಲ್ಲವರು ಈ ರಕ್ಷೆಯನ್ನು ಸುಲಭವಾಗಿ ಬಿಟ್ಟುಕೊಡಲಾರರು.

ಆದರೆ ಈ ರಕ್ಷೆ ಎಷ್ಟು ಗಟ್ಟಿ? ಅಳತೆಯೇ ಗುರಿಯಾದಾಗ ಅಳತೆ ಕೆಡುತ್ತದೆಂಬ ಗುಡ್‌ಹಾರ್ಟ್ ನಿಯಮ ನಮ್ಮಲ್ಲಿ ಬೇಗನೆ ನಿಜವಾಯಿತು. ಹಣ ಪಡೆದು ಪ್ರಕಟಿಸುವ ಪತ್ರಿಕೆಗಳೂ ನಕಲಿ ಪ್ರಭಾವಾಂಕ ಹಂಚುವ ಅಂಗಡಿಗಳೂ ಹುಟ್ಟಿಕೊಂಡವು. ಆಯೋಗವೇ 2018ರ ಮೇ ತಿಂಗಳಲ್ಲಿ ತನ್ನ ಅನುಮೋದಿತ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕೈಬಿಡಬೇಕಾಯಿತು. ನಂತರ ತಂದ ಕೇರ್ ಪಟ್ಟಿಯನ್ನೂ 2025ರಲ್ಲಿ ನಿಲ್ಲಿಸಿತು. ಹಣವಿದ್ದವರು ಕೊಳ್ಳಬಲ್ಲ ಸಂಖ್ಯೆ ಬಡ ಅಭ್ಯರ್ಥಿಯನ್ನು ಕಾಯುವುದಿಲ್ಲ. ಆತನನ್ನು ಕಾಯಬಲ್ಲದ್ದು ಕಾರಣಗಳನ್ನು ಲಿಖಿತವಾಗಿ ಕೊಡಬೇಕಾದ, ಆ ಕಾರಣಗಳನ್ನು ಪ್ರಶ್ನಿಸಲು ಅವಕಾಶವಿರುವ ಮೌಲ್ಯಮಾಪನ.

7. ಮುಂದೇನು?

ಪತ್ರಿಕೆಯ ಪ್ರಭಾವಾಂಕವನ್ನು ವ್ಯಕ್ತಿಯ ಮೌಲ್ಯಮಾಪನಕ್ಕೆ ಬಳಸಬಾರದೆಂದು 2013ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಹೇಳಿತು. ಸ್ಥಳೀಯವಾಗಿ ಮಹತ್ವವುಳ್ಳ ಸಂಶೋಧನೆಯ ಶ್ರೇಷ್ಠತೆಯನ್ನು ಕಾಪಾಡಬೇಕೆಂಬುದು 2015ರ ಲೈಡನ್ ಪ್ರಣಾಳಿಕೆಯ ಹತ್ತು ತತ್ತ್ವಗಳಲ್ಲಿ ಒಂದು. ವಿದ್ವತ್ ಸಂವಹನದಲ್ಲಿ ಬಹುಭಾಷಿಕತೆಯನ್ನು ಉಳಿಸಬೇಕೆಂದು 2019ರ ಹೆಲ್ಸಿಂಕಿ ಉಪಕ್ರಮ ಕರೆಕೊಟ್ಟಿತು. ಈ ತತ್ತ್ವಗಳನ್ನು ನಮ್ಮ ವಿಭಾಗಗಳ ಮಟ್ಟದಲ್ಲಿ ಹೀಗೆ ಅನ್ವಯಿಸಬಹುದೆಂದು ನಾವು ಸೂಚಿಸುತ್ತೇವೆ.

ಒಂದು, ಅಭ್ಯರ್ಥಿಯು ಆರಿಸಿಕೊಟ್ಟ ಮೂರು ಬರಹಗಳನ್ನು ಸಮಿತಿಯ ಸದಸ್ಯರು ಓದಿ, ಪ್ರತಿಯೊಂದರ ಬಗ್ಗೆ ಅರ್ಧ ಪುಟದ ಸಹಿ ಮಾಡಿದ ಅಭಿಪ್ರಾಯವನ್ನು ದಾಖಲಿಸಬೇಕು. ಬರಹ ಕನ್ನಡದಲ್ಲಿದ್ದರೆ ಕನ್ನಡ ಬಲ್ಲ ತಜ್ಞರೇ ಅದನ್ನು ಓದಬೇಕು. ಎರಡು, ಸೂಚಿಯಲ್ಲಿ ಇಲ್ಲದ ಪತ್ರಿಕೆಯ ಮುಂದೆ ಸೊನ್ನೆಯ ಬದಲು ‘ಅಳತೆ ಲಭ್ಯವಿಲ್ಲ’ ಎಂದು ಬರೆಯಬೇಕು. ಮೂರು, ನಿಘಂಟು, ವ್ಯಾಕರಣ, ಪಠ್ಯಸಂಚಯ, ಕ್ಷೇತ್ರಕಾರ್ಯದ ದತ್ತಾಂಶ ಇವುಗಳಿಗೆ ಅವುಗಳದೇ ಆದ ವರ್ಗ ಬೇಕು. ನಾಲ್ಕು, ನಮ್ಮ ಪತ್ರಿಕೆಗಳು ಪ್ರತಿ ಲೇಖನಕ್ಕೂ ಶಾಶ್ವತ ಡಿಜಿಟಲ್ ಗುರುತುಸಂಖ್ಯೆ ಕೊಡಬೇಕು. ಆಧಾರಗ್ರಂಥಗಳ ಪಟ್ಟಿಯನ್ನು ಕನ್ನಡದ ಜೊತೆಗೆ ರೋಮನ್ ಲಿಪ್ಯಂತರದಲ್ಲೂ ಮುದ್ರಿಸಬೇಕು. ಲೇಖನ ತಲುಪಿದ ಮತ್ತು ಅಂಗೀಕೃತವಾದ ದಿನಾಂಕಗಳನ್ನು ತಿಳಿಸಬೇಕು.

ಐದನೆಯದು ಯಾವ ಆಯೋಗದ ಅನುಮತಿಗೂ ಕಾಯಬೇಕಿಲ್ಲದ ಕೆಲಸ. ಕನ್ನಡವನ್ನು ಕುರಿತ ಇಂಗ್ಲಿಷ್ ಪ್ರಬಂಧಗಳಲ್ಲಿ ಕನ್ನಡದಲ್ಲಿ ನಡೆದ ಚರ್ಚೆಯ ಉಲ್ಲೇಖ ವಿರಳ. ವಿಭಕ್ತಿಯ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವ ವಿದ್ಯಾರ್ಥಿಯು ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಎತ್ತಿದವರನ್ನು ಹುಡುಕಿ, ಓದಿ, ಹೆಸರಿಸಿದರೆ ಸೂಚಿಯೊಳಗೆ ಅವರಿಗೊಂದು ಬಾಗಿಲು ತೆರೆಯುತ್ತದೆ. ಮಾರ್ಗದರ್ಶಕರು ಪ್ರಬಂಧದ ಕರಡನ್ನು ನೋಡುವಾಗ ಆಧಾರಗ್ರಂಥಗಳ ಪಟ್ಟಿಯಲ್ಲಿ ಕನ್ನಡದ ಬರಹಗಳು ಎಷ್ಟಿವೆ, ಅವುಗಳನ್ನು ಪ್ರಬಂಧ ಎಲ್ಲಿ ಬಳಸಿಕೊಂಡಿದೆ ಎಂದು ಕೇಳಬೇಕು. 2025ರ ಜನವರಿಯಲ್ಲಿ ಆಯೋಗ ಪ್ರಕಟಿಸಿದ ಕರಡು ನಿಯಮಾವಳಿಯು ಅಂಕಗಳ ಲೆಕ್ಕವನ್ನು ಬಿಟ್ಟು ‘ಗಮನಾರ್ಹ ಕೊಡುಗೆ’ಗಳತ್ತ ತಿರುಗುವ ಇಂಗಿತ ಕೊಟ್ಟಿದೆ. ಕೊಡುಗೆ ಗಮನಾರ್ಹವೇ ಎಂದು ಹೇಳಲು ಅದನ್ನು ಓದಿದವರು ಬೇಕು. ಅಂಥ ಓದುಗರನ್ನು ಸಿದ್ಧಪಡಿಸುವ ಹೊಣೆ ನಮ್ಮ ವಿಭಾಗಗಳ ಮೇಲಿದೆ.