ಮನೆ ಬಿಡುವವರ ನಾಟಕ

ಆಂಟನ್ ಚೆಕಾಫನ ‘ಚೆರ್ರಿ ತೋಟ’ವನ್ನು ಓದುವವರೂ ಆಡುವವರೂ ಸಾಮಾನ್ಯವಾಗಿ ಅದನ್ನು ಒಂದು ಯುಗಾಂತ್ಯದ ನಾಟಕವೆಂದು ಭಾವಿಸುತ್ತಾರೆ. ಜಮೀನ್ದಾರಿ ಮನೆತನವೊಂದು ಸಾಲದಲ್ಲಿ ಮುಳುಗುತ್ತದೆ. ಅಲ್ಲಿಯೇ ಜೀತಕ್ಕಿದ್ದವರ ವಂಶದ ಲೊಪಾಖಿನ್ ಹರಾಜಿನಲ್ಲಿ ಅದನ್ನು ಕೊಳ್ಳುತ್ತಾನೆ. ತೋಟಕ್ಕೆ ಕೊಡಲಿ ಬೀಳುತ್ತದೆ. ಇದೆಲ್ಲ ಸರಿಯೇ. ಆದರೆ ಅರವತ್ತು ದಾಟಿದ ಮೇಲೆ ಮತ್ತೆ ಓದಿದಾಗ ನನಗೆ ಎದ್ದು ಕಂಡದ್ದು ಬೇರೆ. ದೊಡ್ಡ ಮನೆಯೊಂದನ್ನು ಖಾಲಿಮಾಡುವ ಜನ ಯಾವುದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಯಾರನ್ನು ಲೆಕ್ಕದಿಂದ ಬಿಡುತ್ತಾರೆ ಎಂಬುದೇ ಈ ನಾಟಕದ ವಸ್ತುವೆಂದು ನನ್ನ ಮತ.

ಮನೆ ಬಿಡುವುದೆಂದರೇನೆಂದು ಚೆಕಾಫನಿಗೆ ಅನುಭವದಿಂದಲೇ ಗೊತ್ತಿತ್ತು. 1876ರಲ್ಲಿ ಅವನ ತಂದೆ ದಿವಾಳಿಯಾಗಿ ತಗನ್‌ರೋಗ್ ಪಟ್ಟಣದಿಂದ ಮಾಸ್ಕೋಗೆ ಓಡಿಹೋದ. ಮನೆ ಬಾಡಿಗೆಗಿದ್ದವನ ಪಾಲಾಯಿತು. ಹದಿನಾರರ ಹುಡುಗ ಓದು ಮುಗಿಸಲೆಂದು 1879ರವರೆಗೆ ಅಲ್ಲಿಯೇ ಉಳಿದ. ಮುಂದೆ 1892ರಲ್ಲಿ ಮೆಲಿಖೊವೊದಲ್ಲಿ ತಾನೇ ಮನೆ ಜಮೀನು ಕೊಂಡು, 1899ರಲ್ಲಿ ಅದನ್ನೂ ಮಾರಿ, ಕ್ಷಯರೋಗಿಯಾಗಿ ಯಾಲ್ಟದಲ್ಲಿ ನೆಲೆಸಿದ. ಈ ನಾಟಕವನ್ನು ಬರೆದು ಮುಗಿಸಿದ್ದು ಅಲ್ಲಿ, 1903ರಲ್ಲಿ.

ಲೊಪಾಖಿನ್ ಕೊಡುವ ಸಲಹೆ ಲೆಕ್ಕದ ಮಟ್ಟಿಗೆ ತಪ್ಪಿಲ್ಲದ್ದು. ತೋಟವನ್ನು ತುಂಡುಮಾಡಿ, ಬೇಸಗೆಯ ಬಿಡದಿಗಳಿಗಾಗಿ ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ 25,000 ರೂಬಲ್ ಬರುತ್ತದೆ. ಹಳೆಯ ಮನೆಯನ್ನು ಮಾತ್ರ ಕೆಡವಬೇಕು. ಬೆಂಗಳೂರಿನ ಓದುಗರಿಗೆ ಈ ಮಾತು ಹೊಸದಲ್ಲ. ‘ಜಾಗ ನಿಮ್ಮದು, ಕಟ್ಟುವುದು ನಮ್ಮದು, ನಿಮಗಿಷ್ಟು ಫ್ಲ್ಯಾಟು’ ಎಂದು ಬಿಲ್ಡರುಗಳು ಮಲ್ಲೇಶ್ವರ, ಬಸವನಗುಡಿಗಳ ಹಳೆಯ ಮನೆಗಳ ಜಗಲಿಯಲ್ಲಿ ಕುಳಿತು ಹೇಳುವ ಲೆಕ್ಕವೂ ಇದೇ ಜಾತಿಯದು. ರಾನೆವ್‌ಸ್ಕಾಯ ಮತ್ತು ಅವಳ ಅಣ್ಣ ಗಾಯೆವ್ ಇದನ್ನು ಕಿವಿಗೆ ಹಾಕಿಕೊಳ್ಳುವುದೇ ಇಲ್ಲ. ಅವರನ್ನು ಮೂರ್ಖರೆಂದು ನಗುವ ವಿಮರ್ಶಕರಿದ್ದಾರೆ. ಕರುಣಾಪಾತ್ರರೆಂದು ಅಳುವವರೂ ಇದ್ದಾರೆ. ಚೆಕಾಫ್ ಎರಡನ್ನೂ ಪೂರ್ತಿ ಒಪ್ಪುವುದಿಲ್ಲ. ಮನೆ ಹೋದ ಮೇಲೆ ಅವರಿಗೇನಾಯಿತೆಂಬುದನ್ನು ನೋಡಿ: ಮಾರಾಟವಾಗುವ ತನಕ ಎಲ್ಲರೂ ಕಳವಳಪಟ್ಟೆವು, ಈಗ ನಿಶ್ಚಿಂತೆ ಎನ್ನುತ್ತಾನೆ ಗಾಯೆವ್. ತನಗೆ ಚೆನ್ನಾಗಿ ನಿದ್ದೆ ಬರುತ್ತಿದೆಯೆಂದು ತಂಗಿ ಒಪ್ಪುತ್ತಾಳೆ. ಬಿಡುವುದಕ್ಕೆ ಮುಂಚೆ ಜೀವವೇ ಹೋಗುವಂತಿದ್ದದ್ದು, ಬಿಟ್ಟ ಮೇಲೆ ಹಗುರವಾಗುತ್ತದೆ. ಲೇಖಕ ಇದನ್ನು ಹಾಸ್ಯನಾಟಕವೆಂದು ಕರೆದದ್ದು ಹುಡುಗಾಟಕ್ಕಲ್ಲ.

ಈ ಮಾತಿನ ಸತ್ಯಕ್ಕೆ ನಾನೂ ಸಾಕ್ಷಿ. ಎರಡು ವರ್ಷದ ಕೆಳಗೆ ನಾವು ಬಸವನಗುಡಿಯ ಮನೆಯನ್ನು ಬಿಟ್ಟು ಎರಡು ಕೋಣೆಯ ಫ್ಲ್ಯಾಟಿಗೆ ಬಂದೆವು. ತಾಮ್ರದ ಹಂಡೆ ತೂಕಕ್ಕೆ ಹೋಯಿತು, ಒರಳುಕಲ್ಲನ್ನು ಕೇಳುವವರಿರಲಿಲ್ಲ. ಅದರ ಮರುವಾರವೇ ನನಗೆ ಸುಖವಾಗಿ ನಿದ್ದೆ ಬಂತು. ಆದರೆ ಆ ದಿನಗಳಲ್ಲಿ ಬಂದ ನೆಂಟರು ಬೀಟೆಯ ಬೀರು ಯಾರಿಗೆ, ತೊಟ್ಟಿಲು ಯಾರಿಗೆ, ಉಯ್ಯಾಲೆಮಣೆ ಯಾರಿಗೆ ಎಂದು ಬಿಡದೆ ವಿಚಾರಿಸಿದರು. ನಲವತ್ತು ವರ್ಷ ಆ ಮನೆಯ ಹಿತ್ತಿಲ ಕೋಣೆಯಲ್ಲಿದ್ದ ನಮ್ಮ ಅತ್ತಿಗೆ ಇನ್ನು ಮುಂದೆ ಎಲ್ಲಿ ಮಲಗುತ್ತಾರೆಂದು ಒಬ್ಬರೂ ಕೇಳಲಿಲ್ಲ. ಈಗ ಎರಡು ಕೋಣೆಗಳಲ್ಲಿ ಒಂದು ಅವರದು.

ನಾಲ್ಕನೆಯ ಅಂಕವನ್ನು ಈ ದೃಷ್ಟಿಯಿಂದ ಓದಬೇಕು. ಪರದೆಗಳಿಲ್ಲ, ಗೋಡೆಯ ಚಿತ್ರಗಳಿಲ್ಲ. ಉಳಿದ ಸಾಮಾನು ಮಾರಾಟಕ್ಕಿಟ್ಟಂತೆ ಮೂಲೆಯಲ್ಲಿ ರಾಶಿಬಿದ್ದಿದೆ. ಎಂಬತ್ತೇಳು ವರ್ಷದ ಆಳು ಫಿರ್ಸ್ ಕಾಯಿಲೆ ಬಿದ್ದಿದ್ದಾನೆ. ಅವನನ್ನು ಆಸ್ಪತ್ರೆಗೆ ಕಳಿಸಿದರೇ ಎಂದು ಆನ್ಯಾ ಕೇಳುತ್ತಾಳೆ. ಬೆಳಿಗ್ಗೆಯೇ ಹೇಳಿದ್ದೇನೆ, ಕಳಿಸಿರಬೇಕು ಎನ್ನುತ್ತಾನೆ ಯಾಷ. ಸ್ವಲ್ಪ ಹೊತ್ತಿಗೆ ವಾರ್ಯಾ ಅದನ್ನೇ ಕೇಳುತ್ತಾಳೆ. ಕಳಿಸಿದ್ದಾಗಿದೆ ಎಂಬ ಉತ್ತರ. ಹಾಗಾದರೆ ಡಾಕ್ಟರರಿಗೆ ಬರೆದ ಕಾಗದ ಇಲ್ಲಿಯೇ ಏಕೆ ಉಳಿಯಿತು? ಅದನ್ನು ಹಿಂದೆಯೇ ಕಳಿಸಿದರಾಯಿತು! ಕೊನೆಗೆ ಒಡತಿಯೂ ಚಿಂತಿಸುತ್ತಾಳೆ, ಅವಳಿಗೂ ಅದೇ ಸಮಾಧಾನ. ಮೂವರೂ ಒಳ್ಳೆಯವರು, ಮೂವರೂ ವಿಚಾರಿಸಿದವರು. ಕೋಣೆಯ ಬಾಗಿಲು ತೆರೆದು ನೋಡಿದವರು ಒಬ್ಬರೂ ಇಲ್ಲ. ಕ್ರೌರ್ಯದ ಮಾತೊಂದೂ ಇಲ್ಲದೆ ಇಷ್ಟು ಕ್ರೂರವಾದ ಕಾರ್ಯ ನಡೆದುಹೋಗುವುದನ್ನು ನಾನು ಬೇರೊಂದು ನಾಟಕದಲ್ಲಿ ಕಂಡಿಲ್ಲ. ಮೊದಲನೆಯ ಅಂಕದಲ್ಲಿ ನೂರು ವರ್ಷದ ಪುಸ್ತಕದ ಬೀರುವನ್ನು ಉದ್ದೇಶಿಸಿ ಗಾಯೆವ್ ಕಣ್ಣೀರು ತುಂಬಿ ಭಾಷಣ ಮಾಡಿದ್ದನೆಂಬುದನ್ನು ಇಲ್ಲಿ ನೆನೆಯಬೇಕು.

ಈ ಕಾರಣಕ್ಕೇ, ಆಡುವವರೊಡನೆ ನನ್ನ ತಕರಾರು ಒಂದಿದೆ. 1904ರ ಜನವರಿಯಲ್ಲಿ ಮಾಸ್ಕೋ ಆರ್ಟ್ ಥಿಯೇಟರಿನಲ್ಲಿ ಇದು ಮೊದಲು ರಂಗಕ್ಕೆ ಬಂದಾಗ, ಹನ್ನೆರಡು ನಿಮಿಷದಲ್ಲಿ ಮುಗಿಯಬೇಕಾದ ಕೊನೆಯ ಅಂಕವನ್ನು ಸ್ಟಾನಿಸ್ಲಾವ್‌ಸ್ಕಿ ನಲವತ್ತು ನಿಮಿಷಕ್ಕೆ ಎಳೆಯುತ್ತಾರೆಂದು ಚೆಕಾಫ್ ಹೆಂಡತಿಗೆ ಬರೆದು ಆಕ್ಷೇಪಿಸಿದ್ದ. ಆ ವರ್ಷದ ಜುಲೈನಲ್ಲಿ ಅವನು ತೀರಿಕೊಂಡ. ನಿಟ್ಟುಸಿರಿನ ಆ ನಿಧಾನ ಇಂದಿಗೂ ರಂಗದಿಂದ ಪೂರ್ತಿ ತೊಲಗಿಲ್ಲ. ಅಂಕದ ಮೊದಲಿಗೇ ಲೊಪಾಖಿನ್ ಗಡಿಯಾರ ನೋಡಿ, ರೈಲಿಗೆ ಇನ್ನು 46 ನಿಮಿಷ, 20 ನಿಮಿಷದಲ್ಲಿ ಹೊರಡಬೇಕು ಎನ್ನುತ್ತಾನೆ. ಅವಸರವಿದ್ದರೆ ಮರೆವು ನಂಬುವಂಥದು; ನಲವತ್ತು ನಿಮಿಷ ಅತ್ತು ಕರೆದವರಿಗೆ ಒಂದು ಕೋಣೆಯಲ್ಲಿ ಇಣುಕುವ ಪುರುಸೊತ್ತು ಇರಲಿಲ್ಲವೆಂದರೆ ಪ್ರೇಕ್ಷಕ ಹೇಗೆ ನಂಬಬೇಕು?

ಬಾಗಿಲುಗಳಿಗೆ ಬೀಗ ಬಿದ್ದ ಮೇಲೆ ಫಿರ್ಸ್ ಹೊರಬರುತ್ತಾನೆ. ಹಿಡಿಯನ್ನು ತಿರುವಿ ನೋಡುತ್ತಾನೆ. ಆಗಲೂ ಅವನ ಚಿಂತೆ ತನ್ನದಲ್ಲ. ಐವತ್ತೊಂದು ವರ್ಷದ ಗಾಯೆವ್ ತುಪ್ಪುಳದ ನಿಲುವಂಗಿ ಬಿಟ್ಟು ತೆಳುವಾದ ಕೋಟಿನಲ್ಲಿಯೇ ಹೋಗಿರಬೇಕೆಂಬುದು. ಹಾಗೆ ಗೊಣಗಿಕೊಂಡು ಮಲಗುತ್ತಾನೆ. ದೂರದ ತೋಟದಲ್ಲಿ ಕೊಡಲಿಯ ಏಟು ಕೇಳಿಸುತ್ತದೆ. ಮನೆ ಚಿಕ್ಕದು ಮಾಡಿಕೊಳ್ಳಲು ಹೊರಟಿರುವ ನನ್ನ ವಯಸ್ಸಿನವರು ಸಾಮಾನಿನ ಪಟ್ಟಿ ಬರೆಯುವುದಕ್ಕೆ ಮುಂಚೆ ಈ ಅಂಕವನ್ನು ಒಮ್ಮೆ ಓದಲಿ.