ಕ್ಲಾರಿನೆಟ್ ಸುಮ್ಮನಿರುವ ಹೊತ್ತು

ಮಗಳ ಕ್ಲಾರಿನೆಟ್ ಪಾಠಕ್ಕೆ ಹನ್ನೊಂದು ವರ್ಷ ಫೀಸು ಕಟ್ಟಿದವನು ನಾನು. ಹಾಗಾಗಿ ಇದನ್ನು ನಿಷ್ಪಕ್ಷಪಾತ ವಿಮರ್ಶೆ ಎಂದು ಯಾರೂ ತಿಳಿಯಬೇಡಿ. ಹಿತಾಸಕ್ತಿ ಇದ್ದರೆ ಮೊದಲೇ ಹೇಳಿಬಿಡುವುದು ನಮ್ಮ ಲೆಕ್ಕಪರಿಶೋಧಕರ ಕಸುಬಿನ ನಿಯಮ.

ಕಳೆದ ಮಾರ್ಚಿನಲ್ಲಿ ಮ್ಯಾಂಚೆಸ್ಟರಿನ ಒಂದು ಸಣ್ಣ ಸಭಾಂಗಣದಲ್ಲಿ ಅವಳೂ ಮೂವರು ಸಹಪಾಠಿಗಳೂ ಫ್ರಾನ್ಸಿನ ಒಲಿವಿಯೆ ಮೆಸ್ಸಿಯಾನ್ ರಚಿಸಿದ 'ಕಾಲದ ಅಂತ್ಯಕ್ಕಾಗಿ ಕ್ವಾರ್ಟೆಟ್' ನುಡಿಸಿದರು. ಪಿಟೀಲು, ಕ್ಲಾರಿನೆಟ್, ಸೆಲ್ಲೊ, ಪಿಯಾನೊ: ಈ ನಾಲ್ಕೇ ವಾದ್ಯಗಳಿಗೆ ಬರೆದ ಕೃತಿಗಳು ಬಹಳ ಕಡಿಮೆ. 1940ರಲ್ಲಿ ಮೆಸ್ಸಿಯಾನ್ ಜರ್ಮನರಿಗೆ ಸೆರೆಸಿಕ್ಕಿದ. ಗೋರ್ಲಿಟ್ಸ್‌ನ ಯುದ್ಧಕೈದಿಗಳ ಶಿಬಿರದಲ್ಲಿ ಜೊತೆಗೆ ಸಿಕ್ಕವರು ಪಿಟೀಲಿನವನೊಬ್ಬ, ಕ್ಲಾರಿನೆಟ್‌ನವನೊಬ್ಬ, ಸೆಲ್ಲೊದವನೊಬ್ಬ. ಮನೆಯಲ್ಲಿದ್ದ ತರಕಾರಿ ನೋಡಿ ಹುಳಿ ಮಾಡಿದ ಹಾಗೆ ಕೃತಿ ಹುಟ್ಟಿತು. ಮಗಳ ಗುಂಪು ಕೂಡಿದ್ದೂ ಹೀಗೆಯೇ, ಉಳಿದ ಗುಂಪುಗಳಲ್ಲಿ ಜಾಗ ಸಿಗದೆ ಮಿಕ್ಕವರಿಂದ.

ಮೊದಲ ಪ್ರದರ್ಶನ ಆ ಶಿಬಿರದಲ್ಲೇ, 1941ರ ಜನವರಿ 15ರಂದು. ಸೆಲ್ಲೊಗೆ ಮೂರೇ ತಂತಿ, ಕೇಳಿದವರು ಐದು ಸಾವಿರ ಜನ ಎಂದು ಮೆಸ್ಸಿಯಾನ್ ಹೇಳಿಕೊಂಡಿದ್ದ. ನಮ್ಮ ಕೈಗೆ ಕೊಟ್ಟ ಕಾರ್ಯಕ್ರಮಪತ್ರದಲ್ಲೂ ಅದೇ ಇತ್ತು. ಆದರೆ ಅಂದು ಸೆಲ್ಲೊ ನುಡಿಸಿದ ಎಟಿಯೆನ್ ಪಾಸ್ಕಿಯೆ ನಾಲ್ಕು ತಂತಿಯೂ ಇತ್ತು ಎಂದಿದ್ದಾನೆ. ಆ ಬ್ಯಾರಕ್ಕಿನಲ್ಲಿ ಹಿಡಿಸುತ್ತಿದ್ದವರು ಕೆಲವು ನೂರು ಜನ. ಆಡಿಟ್‌ನಲ್ಲಿ ಇಂಥ ಅಂಕಿ ಸಿಕ್ಕರೆ ಕೆಂಪು ಶಾಯಿ ಹಾಕುತ್ತೇವೆ. ನನ್ನ ತಕರಾರು ಅಂಕಿಯದಷ್ಟೇ ಅಲ್ಲ. ಸೆರೆಮನೆಯ ಕಥೆ ಓದಿ ಮರುಕ ತುಂಬಿಕೊಂಡು ಕೂತವರಿಗೆ ಸಂಗೀತ ಸರಿಯಾಗಿ ಕೇಳಿಸುವುದಿಲ್ಲ.

ಕೇಳಲು ಬೇಕಾದಷ್ಟಿದೆ. ಮೊದಲ ಭಾಗದಲ್ಲಿ ಪಿಯಾನೊ 17 ಕಾಲಮಾನಗಳ ಒಂದು ಸರಣಿಯನ್ನೂ 29 ಸ್ವರಮೇಳಗಳ ಇನ್ನೊಂದನ್ನೂ ಒಟ್ಟಿಗೆ ಸುತ್ತುತ್ತದೆ. ಎರಡೂ ಕೂಡಿ ಮತ್ತೆ ಆರಂಭಕ್ಕೆ ಬರಬೇಕಾದರೆ 493 ಹೊಡೆತ ಬೇಕು. ಅದಕ್ಕೆ ಎಷ್ಟೋ ಮೊದಲೇ ಭಾಗ ಮುಗಿಯುತ್ತದೆ. ಆ ಹದಿನೇಳು ಬಂದದ್ದು ಶಾರ್ಙ್ಗದೇವನ 'ಸಂಗೀತರತ್ನಾಕರ'ದ ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ ಎಂಬ ದೇಶೀತಾಳಗಳಿಂದ. ಆ ಗ್ರಂಥಕ್ಕೆ ವ್ಯಾಖ್ಯಾನ ಬರೆದ ಕಲ್ಲಿನಾಥ ವಿಜಯನಗರದವನು. ಇದು ತಿಳಿದಾಗ 'ನಮ್ಮದು!' ಎಂದು ಬೀಗಿದೆ. ಕೇಳಿದ ಮೇಲೆ ಬೀಗು ಇಳಿಯಿತು. ಶಿವಮೊಗ್ಗದ ರಾಮನವಮಿ ಕಚೇರಿಗಳಲ್ಲಿ ತೊಡೆ ತಟ್ಟಿ ಬೆಳೆದವನಿಗೆ ತಾಳವೆಂದರೆ ಎಲ್ಲರೂ ಸಮಕ್ಕೆ ಬಂದು ಸೇರುವ ಸುಖ. ಮೆಸ್ಸಿಯಾನ್ ಅದೇ ತಾಳಗಳನ್ನು ತಗೊಂಡು ಸಮವೇ ಬಾರದಂತೆ ಮಾಡಿದ್ದಾನೆ. ನನ್ನ ಕೈ ತೊಡೆಯ ಮೇಲೆ ಎದ್ದು, ಎಲ್ಲಿ ಬೀಳಬೇಕೆಂದು ತಿಳಿಯದೆ ಹಾಗೇ ನಿಂತಿತ್ತು.

ಪಿಯಾನೊದ ಹುಡುಗ ಇದನ್ನು ಅಳುಕದೆ ಎಣಿಸಿದ. ಆರನೆಯ ಭಾಗದಲ್ಲಿ ನಾಲ್ವರೂ ಒಂದೇ ಧಾಟಿಯನ್ನು ನುಡಿಸಬೇಕು; ಒಬ್ಬರ ಬೆನ್ನಿಗೆ ಇನ್ನೊಬ್ಬರು ಅಡಗುವಂತಿಲ್ಲ. ಕೊನೆಯ ಹತ್ತಿರ ಸೆಲ್ಲೊ ಕೂದಲೆಳೆಯಷ್ಟು ಹಿಂದೆ ಬಿತ್ತು. ಮೂರನೆಯದು ಕ್ಲಾರಿನೆಟ್ ಒಂದಕ್ಕೇ ಮೀಸಲು. ಕೇಳಿಸೀತೋ ಇಲ್ಲವೋ ಎಂಬಷ್ಟು ಸಣ್ಣಗೆ ಹುಟ್ಟಿ ಕಿವಿ ತುಂಬುವವರೆಗೆ ಬೆಳೆಯುವ ಉದ್ದನೆಯ ಸ್ವರಗಳನ್ನು ಮಗಳು ಚೆನ್ನಾಗಿ ಹಿಡಿದಳು. ಆದರೆ ಅವುಗಳ ಆಚೀಚಿನ ನಿಧಾನದ ಸಾಲುಗಳು ಓಡಿದವು. ಅದರಲ್ಲಿ ನನ್ನ ಪಾಲೂ ಇದೆ. ಚಳಿಗಾಲವಿಡೀ ಅವಳು ಅಡುಗೆಮನೆಯಲ್ಲಿ ಅಭ್ಯಾಸ ಮಾಡುವಾಗ, "ಎಷ್ಟು ಎಳೀತೀಯೇ, ಸ್ವಲ್ಪ ಮುಂದೆ ಹೋಗಬಾರದೇ?" ಎಂದು ರೇಗಿಸುತ್ತಿದ್ದೆ.

ಎಂಟು ಭಾಗಗಳಲ್ಲಿ ನಾಲ್ವರೂ ಕೂಡಿ ನುಡಿಸುವುದು ನಾಲ್ಕರಲ್ಲಿ ಮಾತ್ರ. ಕೊನೆಯದು ಪಿಟೀಲು, ಪಿಯಾನೊಗಳದ್ದು. "ಕೊನೆಗೆ ನಿನಗೇನೂ ಇಲ್ಲವಾ?" ಎಂದು ಫೀಸು ಕಟ್ಟಿದವನ ಗತ್ತಿನಲ್ಲೇ ಕೇಳಿದ್ದೆ. "ಇಲ್ಲಪ್ಪಾ. ಅಲ್ಲಾಡದೆ ಕೂತಿರಬೇಕು, ಅಷ್ಟೆ. ಅದೇ ಕಷ್ಟ" ಎಂದಿದ್ದಳು.

ಕೂತಿದ್ದಳು. ಕ್ಲಾರಿನೆಟ್ ತೊಡೆಯ ಮೇಲೆ ಅಡ್ಡ, ಕಣ್ಣು ಪಿಟೀಲಿನ ಕಮಾನಿನ ಮೇಲೆ. ಸ್ವರ ಮೇಲೇರಿ ಸಣ್ಣದಾಗುತ್ತ ಹೋದಾಗ ಪಿಟೀಲಿನ ಹುಡುಗಿಯ ಕಮಾನು ಒಮ್ಮೆ ನಡುಗಿತು. ನನ್ನ ಮಗಳು ಉಸಿರು ಬಿಗಿಹಿಡಿದದ್ದು ಏಳನೇ ಸಾಲಿನಲ್ಲಿದ್ದ ನನಗೂ ಕಾಣಿಸಿತು. ಕಮಾನು ನಿಂತ ಮೇಲೇ ಬಿಟ್ಟಳು.

ಕಾರಿನಲ್ಲಿ ಕೇಳಿದಳು, "ಮೂರನೇದು ಓಡಿತು ಅಲ್ವಾ ಅಪ್ಪಾ?"

ಬೇರೆ ದಿನವಾಗಿದ್ದರೆ 'ಸೂಪರ್ ಆಗಿತ್ತು ಪುಟ್ಟಿ' ಎನ್ನುತ್ತಿದ್ದೆ. "ಹೌದು, ಓಡಿತು" ಎಂದೆ. "ಅಡುಗೆಮನೆಯಲ್ಲಿ ನುಡಿಸುತ್ತಿದ್ದೆಯಲ್ಲ, ಅದೇ ಸರಿಯಿತ್ತು."